ವರ್ಷಗಟ್ಟಲೆ ದುಡಿದ ಸ್ವಯಂಸೇವಕಿಗೆ ಗೌರವ ಸಲ್ಲಿಸೋದು ಹೇಗೆ: ಮಹಿಳಾ ಸಂಘಟನೆ ನಡೆಸೋರ ಜೊತೆ ಒಂದಿಷ್ಟು ಮಾತು

ಹೆಣ್ಣುಮಕ್ಕಳ ಪರವಾಗಿ ನಿಲ್ಲೋ ಸಂಘಟನೆ ದೊಡ್ದಿರ್ಲಿ ಚಿಕ್ಕದಿರ್ಲಿ, ಅದು ನಡೀತಿರೋದು ಸಂಬಳ ಇಲ್ದೆ ಬಂದು ಕೂರೋರಿಂದ. ರಾತ್ರಿ ಹೆಲ್ಪ್‌ಲೈನ್ ಫೋನ್ ಎತ್ತೋರು, ಕೋರ್ಟಿನ ಬೆಂಚ್ ಮೇಲೆ ದಿನವಿಡೀ ಪಕ್ಕದಲ್ಲಿ ಕೂತು ಸಂಜೆ ಮುಂದಿನ ಡೇಟ್ ಬರ್ಕೊಂಡು ವಾಪಸ್ ಬರೋರು, ತಾಯಿ ವಕೀಲರ ಹತ್ರ ಮಾತಾಡೋವಾಗ ಹೊರಗೆ ಅವಳ ಮಗೂನ ಆಡಿಸ್ತಾ ಇರೋರು. ಇವ್ರಿಗೆ ಗೌರವ ಕೊಡ್ಬೇಕು ಅಂತ ಎಲ್ರಿಗೂ ಮನಸ್ಸಿರತ್ತೆ, ಆದ್ರೆ ಕಾರ್ಯಕ್ರಮ ಮುಗಿದ್ಮೇಲೆ ಉಳಿಯೋದು ಒಂದು ಮೊಮೆಂಟೊ, ಒಂದು ಗ್ರೂಪ್ ಫೋಟೊ, "ಇವರ ನಿಸ್ವಾರ್ಥ ಸೇವೆ ಅಪಾರ" ಅನ್ನೋ ಒಂದು ಸಾಲು. ಆ ಸಾಲನ್ನ ಯಾರ ಹೆಸರಿನ ಪಕ್ಕ ಬೇಕಾದ್ರೂ ಬರೀಬಹುದು, ಅದೇ ಅದರ ತೊಂದ್ರೆ. ಅವ್ರು ಮಾಡಿದ ಕೆಲಸ ಏನು ಅಂತ ಬಿಡಿಸಿ ಹೇಳಿ, ಹೇಳೋಕೆ ಮುಂಚೆ ಅವ್ರನ್ನ ಒಂದು ಮಾತು ಕೇಳಿ. ಈ ಎರಡನ್ನ ಸರಿಯಾಗಿ ಮಾಡೋದು ಹೇಗೆ ಅಂತ ಬರೀತೀನಿ.

ಕೇಳೋ ವಿಷಯದಿಂದ್ಲೇ ಶುರು ಮಾಡ್ತೀನಿ, ಯಾಕಂದ್ರೆ ನಮ್ಮಿಂದ್ಲೇ ಇಲ್ಲಿ ದೊಡ್ಡ ತಪ್ಪಾಗಿದೆ. ಒಂದ್ಸಲ ನಾವು ಸರ್‌ಪ್ರೈಸ್ ಕೊಡೋಣ ಅಂತ ಒಬ್ಬ ಅಕ್ಕನ ಫೋಟೊ ದೊಡ್ಡದಾಗಿ ಬ್ಯಾನರಲ್ಲಿ ಹಾಕಿ, ಅವ್ರನ್ನ ಸ್ಟೇಜ್ ಮೇಲೆ ಕರೆದ್ವಿ. ಅವ್ರು ಬಂದ್ರು, ಚಪ್ಪಾಳೆ ಬಿತ್ತು, ಮುಖದಲ್ಲಿ ಮಾತ್ರ ನಗು ಇರ್ಲಿಲ್ಲ. ಕೆಳಗೆ ಇಳಿದ್ಮೇಲೆ ನನ್ನ ಕೈ ಹಿಡ್ಕೊಂಡು, "ಆ ಫೋಟೊ ಎಲ್ಲೂ ಹಾಕ್ಬೇಡಿ, ಮನೇಲಿ ನಾನು ಇಲ್ಲಿಗೆ ಬರೋದು ಗೊತ್ತಿಲ್ಲ" ಅಂದ್ರು. ನಾಲ್ಕು ವರ್ಷದಿಂದ ಟೈಲರಿಂಗ್ ಕ್ಲಾಸ್ ಅಂತ ಹೇಳಿ ಬರ್ತಿದ್ರಂತೆ. ಅಷ್ಟೊತ್ತಿಗೆ ಯಾರೋ ಫೋನಲ್ಲಿ ತೆಗೆದು ಸ್ಟೇಟಸ್ ಹಾಕಿ ಆಗಿತ್ತು. ಅದನ್ನ ಡಿಲೀಟ್ ಮಾಡಿಸಿದ್ವಿ, ಕ್ಷಮೆ ಕೇಳಿದ್ವಿ, ಆದ್ರೂ ಎರಡು ತಿಂಗಳು ಅವ್ರು ಬರ್ಲಿಲ್ಲ. ಗೌರವಿಸೋಕೆ ಹೋಗಿ ಅವ್ರು ಕಷ್ಟಪಟ್ಟು ಉಳಿಸ್ಕೊಂಡಿದ್ದ ಒಂದು ಜಾಗಾನೇ ಅಲುಗಾಡಿಸಿಬಿಟ್ವಿ.

ಅದಕ್ಕೇ ಸರ್‌ಪ್ರೈಸ್ ಬೇಡ. ಒಂದು ತಿಂಗಳು ಮುಂಚೆ ಒಬ್ಬರೇ ಇರೋವಾಗ ಕೇಳಿ: ಎಲ್ಲರೆದುರು ಆಗ್ಬಹುದಾ ಅಥವಾ ನಾವು ನಾವೇ ಕೂತು ಮಾಡೋಣ್ವಾ, ಹೆಸರು ಮತ್ತೆ ಫೋಟೊ ಎಲ್ಲೆಲ್ಲಿ ಬರ್ಬಹುದು, ಮನೆಯವ್ರನ್ನ ಕರೀಬೇಕಾ ಬೇಡ್ವಾ. "ಬೇಡ" ಅಂದ್ರೆ ಬೇಡ, ಒತ್ತಾಯ ಮಾಡ್ಬೇಡಿ, ಸಂಕೋಚಕ್ಕೆ ಹಾಗಂತಾರೆ ಅಂತ ನೀವೇ ತೀರ್ಮಾನ ಮಾಡ್ಬೇಡಿ. ನಮ್ಮಂಥ ಸಂಘಟನೆಗಳಿಗೆ ಬರೋ ಸ್ವಯಂಸೇವಕಿಯರಲ್ಲಿ ಹಲವರು ತಾವೇ ಹಿಂಸೆ ದಾಟಿ ಬಂದೋರು, ಆ ಕಥೆ ಅವ್ರದ್ದು. ಅವ್ರೇ ಹೇಳಿದ್ರೆ ಸರಿ, ಮೈಕ್ ಹಿಡ್ಕೊಂಡು "ಇವ್ರೂ ಒಂದು ಕಾಲದಲ್ಲಿ ಇದನ್ನೆಲ್ಲ ಅನುಭವಿಸಿದೋರೇ" ಅಂತ ನಾವು ಹೇಳೋ ಹಾಗಿಲ್ಲ.

ಇನ್ನು ಕೆಲಸ ಬಿಡಿಸಿ ಹೇಳೋದು. ಇದು ಕಾರ್ಯಕ್ರಮದ ಹಿಂದಿನ ರಾತ್ರಿ ಕೂತು ಬರೆಯೋ ಮಾತಲ್ಲ, ವರ್ಷವಿಡೀ ಬರ್ಕೋಬೇಕು. ಆಫೀಸಲ್ಲಿ ಒಂದು ನೋಟ್‌ಬುಕ್ ಇಡಿ, ಸ್ವಯಂಸೇವಕರು ಒಬ್ರ ಬಗ್ಗೆ ಇನ್ನೊಬ್ರು ಬರೀಲಿ, ತಮ್ಮ ಬಗ್ಗೆ ತಾವಲ್ಲ. ತಾರೀಖು, ಹೆಸರು, ಎರಡು ಸಾಲು ಸಾಕು. ಸಹಾಯ ಕೇಳಿ ಬಂದೋರ ಹೆಸರಾಗ್ಲಿ ಗುರುತಾಗ್ಲಿ ಅದರಲ್ಲಿ ಬರ್ಲೇಬಾರ್ದು, ಇದನ್ನ ಮೊದಲನೇ ಪುಟದಲ್ಲೇ ದೊಡ್ಡದಾಗಿ ಬರೆದಿಡಿ. ನಮ್ಮ ನೋಟ್‌ಬುಕ್ಕಲ್ಲಿ ಒಂದು ಎಂಟ್ರಿ ಹೀಗಿದೆ: "ಇವತ್ತು ಮಳೆಗೆ ಫೈಲ್ ಕಪಾಟು ನೆನೆದಿತ್ತು, ಅಕ್ಕ ಒಂದೊಂದೇ ಹಾಳೆ ಬಿಡಿಸಿ ಫ್ಯಾನ್ ಕೆಳಗೆ ಹರಡಿ ರಾತ್ರಿ ಒಂಬತ್ತರ ತನಕ ಕೂತಿದ್ರು, ಒಂದು ಅಫಿಡವಿಟ್ಟೂ ಹಾಳಾಗ್ಲಿಲ್ಲ." ಇದನ್ನ ಮುಂದೆ ಸನ್ಮಾನದ ದಿನ ಓದಿದಾಗ ಆ ಅಕ್ಕ ಬಾಯಿ ಮೇಲೆ ಕೈ ಇಟ್ಕೊಂಡು ಕೂತುಬಿಟ್ರು, ಅವ್ರಿಗೇ ಮರೆತು ಹೋಗಿತ್ತು. ಇಂಥ ಒಂದು ಎಂಟ್ರಿ ಮುಂದೆ ಹತ್ತು "ಅಪಾರ ಸೇವೆ" ಏನೂ ಅಲ್ಲ.

ಹಿಂದಿನೋರು ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು. ಬ್ರಿಟನ್ನಲ್ಲಿ ಮತದ ಹಕ್ಕಿಗಾಗಿ ಹೋರಾಡಿ ಜೈಲಿಗೆ ಹೋಗಿ ಅಲ್ಲೂ ಉಪವಾಸ ಕೂತ ಹೆಂಗಸರಿಗೆ ಅವ್ರ ಸಂಘಟನೆ, ಅಂದ್ರೆ ವಿಮೆನ್ಸ್ ಸೋಶಿಯಲ್ ಅಂಡ್ ಪೊಲಿಟಿಕಲ್ ಯೂನಿಯನ್, 1909ರಿಂದ ಒಂದು ಪದಕ ಕೊಡ್ತಿತ್ತು. ಅದರಲ್ಲಿ ಆ ಹೆಂಗಸಿನ ಹೆಸರು ಕೆತ್ತಿರ್ತಿತ್ತು, ಬೆಳ್ಳಿ ಪಟ್ಟಿ ಮೇಲೆ ಅವಳ ಜೈಲುವಾಸಕ್ಕೆ ಸೇರಿದ ತಾರೀಖು ಕೆತ್ತಿರ್ತಿತ್ತು. ಲಂಡನ್ನಿನ ಹಾಲೊವೇ ಜೈಲಿಗೆ ಹೋಗಿ ಬಂದೋರಿಗೆ, ಅದೇ ಹೋರಾಟದಲ್ಲಿದ್ದ ಕಲಾವಿದೆ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಡಿಸೈನ್ ಮಾಡಿದ ಬ್ರೂಚ್ ಬೇರೆ ಇತ್ತು. ನಮ್ಮದು ಕಾಗದದ ಸರ್ಟಿಫಿಕೇಟ್ ಆದ್ರೂ ಪರವಾಗಿಲ್ಲ, ಹೆಸರು, ತಾರೀಖು, ಮಾಡಿದ ಕೆಲಸ ಇವು ಮೂರೂ ಅದರ ಮೇಲಿರ್ಲಿ. ಹೆಸರಿನ ಸ್ಪೆಲ್ಲಿಂಗ್ ಅವ್ರಿಂದ್ಲೇ ಬರೆಸ್ಕೊಳ್ಳಿ, ಕೆಲವ್ರು ಗಂಡನ ಹೆಸರು ತೆಗೆದು ಹಾಕಿರ್ತಾರೆ, ಹಳೇ ರಿಜಿಸ್ಟರ್ ನೋಡಿ ಪ್ರಿಂಟ್ ಹಾಕಿಸಿದ್ರೆ ಅವ್ರು ಬಿಟ್ಟು ಬಂದ ಹೆಸರನ್ನೇ ಮತ್ತೆ ಕೈಗೆ ಕೊಟ್ಟ ಹಾಗಾಗತ್ತೆ.

ಯಾರನ್ನ ಆರಿಸೋದು ಅನ್ನೋದ್ರಲ್ಲಿ ಜಗಳ ಬರತ್ತೆ. ಗಂಟೆ ಲೆಕ್ಕ ಸುಲಭ ಅಂತ ಎಲ್ಲ ಅದಕ್ಕೇ ಹೋಗ್ತಾರೆ, ಆದ್ರೆ ಬರೀ ಗಂಟೆ ನೋಡಿದ್ರೆ ಯಾವಾಗ್ಲೂ ಬಿಡುವಿರೋರೇ ಗೆಲ್ತಾರೆ, ಎರಡು ಕಡೆ ದುಡಿದು ಮನೆ ನೋಡ್ಕೊಂಡು ವಾರಕ್ಕೆ ಎರಡೇ ಗಂಟೆ ಆದ್ರೂ ಒಂದು ವಾರಾನೂ ತಪ್ಪಿಸ್ದೆ ಬರೋಳು ಲಿಸ್ಟಲ್ಲಿ ಕೊನೇಲಿರ್ತಾಳೆ. ಮುಂದೆ ನಿಂತು ಮಾತಾಡೋರು ಕಣ್ಣಿಗೆ ಬೀಳ್ತಾರೆ, ಬೀಗದ ಕೈ ಇಟ್ಕೊಂಡೋರು, ಅರ್ಜಿ ಬರೆದುಕೊಡೋರು, ಭಾಷೆ ಬರದೋರಿಗೆ ಮಾತು ತಿಳಿಸಿ ಹೇಳೋರು ಕಾಣೋದೇ ಇಲ್ಲ. "ಬೆಸ್ಟ್ ವಾಲಂಟಿಯರ್" ಅನ್ನೋ ಸ್ಪರ್ಧೆನೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಐದು ವರ್ಷ, ಹತ್ತು ವರ್ಷ ಮುಗಿಸಿದ ಎಲ್ರಿಗೂ ಕೊಡಿ, ಅದರ ಜೊತೆ ನೋಟ್‌ಬುಕ್ ನೋಡಿ ಒಂದಿಬ್ರ ವಿಶೇಷ ಕೆಲಸ ಹೇಳಿ. ಆರಿಸೋ ಮೂವರಲ್ಲಿ ಒಬ್ರಾದ್ರೂ ಸ್ವಯಂಸೇವಕಿನೇ ಆಗಿರ್ಲಿ.

ದಿನ ಯಾವ್ದು? ಮಾರ್ಚ್ 8ಕ್ಕೆ ಬೇಡ, ಅವತ್ತು ಇದೇ ಸ್ವಯಂಸೇವಕಿಯರು ಕುರ್ಚಿ ಹಾಕ್ತಾ ಮೈಕ್ ನೋಡ್ಕೊಳ್ತಾ ಓಡಾಡ್ತಿರ್ತಾರೆ. ಡಿಸೆಂಬರ್ 5 ಒಳ್ಳೇದು. ಅದನ್ನ ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ ಅಂತ ವಿಶ್ವಸಂಸ್ಥೆ 1985ರಲ್ಲಿ ಗೊತ್ತು ಮಾಡಿದೆ, ಮಹಿಳೆಯರ ಮೇಲಿನ ಹಿಂಸೆ ವಿರುದ್ಧ 1991ರಿಂದ ನಡೀತಿರೋ ಹದಿನಾರು ದಿನಗಳ ಅಭಿಯಾನ, ನವೆಂಬರ್ 25ರಿಂದ ಡಿಸೆಂಬರ್ 10ರ ತನಕ, ಅದರ ಮಧ್ಯದಲ್ಲೇ ಬರತ್ತೆ. ಅವತ್ತಿನ ಕೆಲಸ ಸ್ಟಾಫ್ ಮತ್ತೆ ಕಮಿಟಿಯವ್ರು ಮಾಡ್ಲಿ, ಗೌರವ ಪಡೆಯೋರ ಕೈಲಿ ಕುರ್ಚಿ ಎತ್ತಿಸ್ಬೇಡಿ.

ಸ್ಟೇಜ್ ಮೇಲೆ ಕೊಡೋರು ಮುಖ್ಯ ಅತಿಥಿ ಆಗ್ಬೇಕಿಲ್ಲ, ಅವ್ರಿಗೆ ಇವ್ರ ಹೆಸರೂ ಚೀಟಿ ನೋಡೇ ಓದ್ಬೇಕು. ಜೊತೆಗೆ ಕೂತು ಕೆಲಸ ಮಾಡಿದೋರು ಕೊಡ್ಲಿ, ಎರಡೇ ನಿಮಿಷ ಮಾತಾಡ್ಲಿ. ಮಾತಾಡೋವಾಗ ಕೇಸಿನ ವಿಷಯ ಎತ್ತಬಾರದು. ಹೆಸರು ಹೇಳ್ದೆ ಇದ್ರೆ ಸಾಕು ಅನ್ಕೋತಾರೆ, ಸಾಕಾಗಲ್ಲ, ಯಾವ ತಿಂಗಳು, ಎಷ್ಟು ಮಕ್ಕಳು, ಗಂಡ ಏನ್ ಕೆಲಸ ಅಂತ ಮೂರು ಮಾತು ಬಂದ್ರೆ ಗೊತ್ತಿರೋರಿಗೆ ಗೊತ್ತಾಗ್ಬಿಡತ್ತೆ. "ಆಸ್ಪತ್ರೇಲಿ ಒಂದು ಇಡೀ ರಾತ್ರಿ ಎದ್ದು ಕೂತಿದ್ರು" ಅಂತ ಹೇಳಿ, ಯಾರಿಗೋಸ್ಕರ ಅನ್ನೋದು ಬೇಡ. ಸಹಾಯ ಪಡೆದೋರನ್ನ ಕರೆಸಿ ಥ್ಯಾಂಕ್ಸ್ ಹೇಳ್ಸೋದಂತೂ ಬೇಡ್ವೇ ಬೇಡ, ಅವ್ರು ನಮಗೆ ಸಾಲಗಾರರಲ್ಲ. ತಾವಾಗಿ ಪತ್ರ ಬರ್ದಿದ್ರೆ, ಅವ್ರು ಒಪ್ಪಿದ್ರೆ, ಗುರುತು ತೆಗೆದು ಅದನ್ನ ಆ ಸ್ವಯಂಸೇವಕಿ ಕೈಗೆ ಕೊಡಿ, ಮೈಕಲ್ಲಿ ಓದ್ಬೇಡಿ.

ದುಡ್ಡಿನ ವಿಷಯ ನೇರವಾಗಿ ಹೇಳ್ತೀನಿ. ಅವ್ರ ಬಸ್ ಚಾರ್ಜ್ ಆರು ತಿಂಗಳಿಂದ ಬಾಕಿ ಇಟ್ಕೊಂಡು ಟ್ರೋಫಿಗೆ ಖರ್ಚು ಮಾಡೋದು ಅವಮಾನ. ಮೊದ್ಲು ಬಾಕಿ ಚುಕ್ತಾ ಮಾಡಿ, ಆಮೇಲೆ ಉಳಿದ್ರೆ ಉಡುಗೊರೆ. ವರ್ಷಗಟ್ಟಲೆ ಬೇರೆಯವ್ರ ನೋವು ಕೇಳಿ ಕೇಳಿ ತಮಗೇ ನಿದ್ದೆ ಬರದೆ ಇರೋರು ಇದ್ದಾರೆ, ಅಂಥೋರಿಗೆ ಒಬ್ಬ ಒಳ್ಳೆ ಕೌನ್ಸೆಲರ್ ಜೊತೆ ಕೆಲವು ಸೆಷನ್‌ಗಳ ಫೀಸ್ ಕಟ್ಟಿ, ಇಲ್ಲಾ ಒಂದು ತಿಂಗಳು ರಜೆ ಕೊಟ್ಟು ಆ ಶಿಫ್ಟ್ ಬೇರೆಯವ್ರು ಹಂಚ್ಕೊಳ್ಳಿ. ಕಿರಿಯ ಹುಡುಗಿಯರಿಗೆ ಅನುಭವ ಪತ್ರ ಬೇಕಾಗಿರತ್ತೆ, ಏನೇನು ಕಲಿತ್ರು, ಯಾವ ಜವಾಬ್ದಾರಿ ಹೊತ್ರು ಅಂತ ಸ್ಪಷ್ಟವಾಗಿ ಬರೆದು ಸಹಿ ಹಾಕಿ ಕೊಡಿ, ಕೆಲಸಕ್ಕೆ ಅರ್ಜಿ ಹಾಕೋವಾಗ ಟ್ರೋಫಿಗಿಂತ ಅದು ಉಪಯೋಗಕ್ಕೆ ಬರತ್ತೆ. ಹಳಬರನ್ನ ಕಮಿಟಿ ಮೀಟಿಂಗಿಗೆ ಕರೆದು ಮಾತು ಕೇಳಿ, ಮತ ಹಾಕೋ ಹಕ್ಕೂ ಕೊಡಿ. ಹಾಗಂತ ಪ್ರಶಸ್ತಿ ಕೊಟ್ಟ ಮಾರನೇ ದಿನಾನೇ ಇನ್ನೊಂದು ಜವಾಬ್ದಾರಿ ಹೊರಿಸ್ಬೇಡಿ, ನಾನು ಇದನ್ನ ಎಷ್ಟೋ ಸಲ ನೋಡಿದೀನಿ.

ಸುಸ್ತಾಗಿ ಅರ್ಧಕ್ಕೆ ಬಿಟ್ಟು ಹೋದೋರನ್ನೂ ಮರೀಬೇಡಿ. ಫೋನ್ ಮಾಡಿ, ವಾಪಸ್ ಬನ್ನಿ ಅಂತ ಕರೆಯೋಕಲ್ಲ, ನೋಟ್‌ಬುಕ್ಕಲ್ಲಿ ಅವ್ರ ಬಗ್ಗೆ ಏನಿದ್ಯೋ ಅದನ್ನ ಓದಿ ಹೇಳೋಕೆ. ಹುಷಾರಿಲ್ದೆ ಮನೇಲಿರೋರ ಹತ್ರ ಮುಂಚೆ ಕೇಳ್ಕೊಂಡು ಇಬ್ರು ಮೂವರು ಹೋಗ್ಬನ್ನಿ, ಫೋಟೊ ತೆಗೀಬೇಡಿ.

ಎಲ್ಲ ಮುಗಿದ ಮಾರನೇ ದಿನ ಫೋಟೊಗಳನ್ನ ಒಂದೊಂದೇ ನೋಡಿ, ಹಿಂದೆ ಯಾರ ಮುಖ ಬಿದ್ದಿದೆ, ಬೋರ್ಡಲ್ಲಿ ಆಶ್ರಯಧಾಮದ ವಿಳಾಸ ಕಾಣ್ತಿದ್ಯಾ ಅಂತ. ಅನುಮಾನ ಬಂದಿದ್ದನ್ನ ಡಿಲೀಟ್ ಮಾಡಿ. ಓದಿದ ಮಾತಿನ ಪ್ರತಿ ಒಂದನ್ನ ಅವ್ರಿಗೇ ಕೊಡಿ, ಸ್ಟೇಜ್ ಮೇಲೆ ಗಾಬರಿಗೆ ಅರ್ಧ ಕೇಳ್ಸಿರಲ್ಲ. ನಮ್ಮ ಟೈಲರಿಂಗ್ ಕ್ಲಾಸಿನ ಅಕ್ಕ ಕೊನೆಗೆ ವಾಪಸ್ ಬಂದ್ರು, ಅವ್ರಿಗೆ ನಾವು ಕೊಟ್ಟಿದ್ದು ನೋಟ್‌ಬುಕ್ಕಿಂದ ಕಾಪಿ ಮಾಡಿದ ಎರಡು ಹಾಳೆ ಮಾತ್ರ, ಬಾಗಿಲು ಹಾಕ್ಕೊಂಡು ಐದು ಜನ ಕೂತು ಓದಿದ್ವಿ, ಅವ್ರು ಅದನ್ನ ಮನೆಗೆ ತಗೊಂಡು ಹೋಗ್ಲಿಲ್ಲ, ಆಫೀಸಿನ ತಮ್ಮ ಡ್ರಾಯರಲ್ಲೇ ಇಟ್ಟು ಬೀಗ ಹಾಕಿದ್ರು.