ಏಳು ರಾತ್ರಿ, ಮೂರು ಕಡೆ: ಅಪ್ಪ ಅವ್ವನ ಜೊತೆ ಕ್ಯಾಲಿಫೋರ್ನಿಯಾ

ನಮ್ಮೂರು ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ. ಅಪ್ಪನಿಗೆ ಆರು ಎಕರೆ ದ್ರಾಕ್ಷಿ ತೋಟ. ಬೆಳೆದದ್ದೆಲ್ಲ ಒಣದ್ರಾಕ್ಷಿಗೇ ಹೋಗುತ್ತದೆ. ನಾನು ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. 2024ರಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಸವರುವ ಕೆಲಸ, ಮುಗಿಸಿ, ತೋಟವನ್ನು ಕಾಕಾನ ಕೈಗೆ ಒಪ್ಪಿಸಿ, ಅಪ್ಪ ಅವ್ವ ಮೊದಲ ಸಲ ಅಮೆರಿಕಕ್ಕೆ ಬಂದರು. ನನಗೆ ಮೇ ತಿಂಗಳಲ್ಲಿ ಒಂದು ವಾರ ರಜೆ ಸಿಕ್ಕಿತು.

ನಾನು ಮಾಡಿದ ಮೊದಲ ಪ್ಲ್ಯಾನ್ ಈಗಲೂ ಲ್ಯಾಪ್‌ಟಾಪ್‌ನಲ್ಲಿದೆ. ಎಕ್ಸೆಲ್ ಶೀಟು. ಸ್ಯಾನ್ ಫ್ರಾನ್ಸಿಸ್ಕೋ, ವೈನ್ ದ್ರಾಕ್ಷಿ ತೋಟಗಳ ನಾಪಾ, ಬೆಟ್ಟ ಜಲಪಾತಗಳ ಯೊಸೆಮಿಟಿ ನ್ಯಾಷನಲ್ ಪಾರ್ಕ್, ಅಲ್ಲಿಂದ ಲಾಸ್ ವೇಗಸ್, ವಾಪಸ್ ಬರುತ್ತ ಲಾಸ್ ಏಂಜಲಿಸ್. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅರ್ಧ ಗಂಟೆಗೊಂದು ಸಾಲು. ನನ್ನ ಹೆಂಡತಿ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು: "ಇದರಲ್ಲಿ ಮಾವ ಮಧ್ಯಾಹ್ನ ಮಲಗೋದು ಯಾವ ಸಾಲಿನಲ್ಲಿದೆ?" ಅಪ್ಪನಿಗೆ 67, ಅವ್ವನಿಗೆ ಮಂಡಿನೋವು. ಅವತ್ತು ರಾತ್ರಿಯೇ ವೇಗಸ್ ಹೋಯಿತು, ಲಾಸ್ ಏಂಜಲಿಸ್ ಹೋಯಿತು. ಉಳಿದದ್ದು ಮೂರು.

ಇಂಥ ಪ್ರವಾಸದಲ್ಲಿ ಮೊದಲು ಯಾವುದನ್ನು ಬುಕ್ ಮಾಡಬೇಕು ಅನ್ನೋದೇ ಮುಖ್ಯ. ನಾನು ಮೊದಲು ವಿಮಾನ ನೋಡಲು ಹೊರಟಿದ್ದೆ. ಅದು ತಪ್ಪು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರಾರು ಹೋಟೆಲ್‌ಗಳಿವೆ, ನಾಪಾ ಸುತ್ತ ಮೋಟೆಲ್‌ಗಳಿಗೆ ಬರವಿಲ್ಲ. ಯೊಸೆಮಿಟಿ ಕಣಿವೆಯ ಒಳಗೆ ಮಾತ್ರ ಉಳಿಯುವ ಜಾಗ ಬೆರಳೆಣಿಕೆ. ಅಲ್ಲಿನ ರೂಮುಗಳು ವರ್ಷದ ಮೊದಲೇ, 366 ದಿನ ಮುಂಚೆ, ಬುಕಿಂಗಿಗೆ ತೆರೆದುಕೊಳ್ಳುತ್ತವೆ. ನನ್ನ ಕೈಯಲ್ಲಿದ್ದದ್ದು ಏಳು ವಾರ. ಹೊರಗಿನ ಮರಿಪೋಸಾದಲ್ಲೋ ಗ್ರೋವ್‌ಲ್ಯಾಂಡ್‌ನಲ್ಲೋ ಉಳಿದರೂ ಆಗುತ್ತದೆ, ಆದರೆ ದಿನಾ ಹೋಗಿ ಬರಲು ಒಂದೊಂದು ಗಂಟೆ ಘಾಟಿ ರಸ್ತೆ. ಅವ್ವನಿಗೆ ಘಾಟಿ ಅಂದ್ರೆ ವಾಂತಿ.

ಹಾಗಾಗಿ ಯಾರಾದರೂ ಕ್ಯಾನ್ಸಲ್ ಮಾಡಿದ ರೂಮು ಸಿಗುತ್ತದಾ ಅಂತ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಫೋನ್ ನೋಡತೊಡಗಿದೆ. ಹತ್ತೊಂಬತ್ತನೇ ದಿನ ಸಿಕ್ಕಿತು. ಯೊಸೆಮಿಟಿ ವ್ಯಾಲಿ ಲಾಡ್ಜ್, ಮೇ 20 ಮತ್ತು 21, ಸೋಮವಾರ, ಮಂಗಳವಾರ. ಚಹಾ ಆರಿ ತಣ್ಣಗಾಗಿತ್ತು, ಆದರೆ ಕಾರ್ಡ್ ನಂಬರ್ ಹೊಡೆದು ಮುಗಿಸಿದ್ದೆ. ವಾರದ ದಿನ ಸಿಕ್ಕಿದ್ದು ಇನ್ನೂ ಒಳ್ಳೆಯದಾಯಿತು. ಆ ವರ್ಷ ಆ ಸಮಯದಲ್ಲಿ ಶನಿವಾರ ಭಾನುವಾರ ಬೆಳಿಗ್ಗೆ 5ರಿಂದ ಸಂಜೆ 4ರ ಒಳಗೆ ಪಾರ್ಕಿಗೆ ಹೋಗಲು ಮುಂಗಡ ರಿಸರ್ವೇಶನ್ ಬೇಕಿತ್ತು. ಈ ನಿಯಮ ವರ್ಷ ವರ್ಷ ಬದಲಾಗುತ್ತದೆ. ಹೊರಡುವ ಮೊದಲು ಪಾರ್ಕಿನ ವೆಬ್‌ಸೈಟ್ ನೋಡಿಕೊಳ್ಳಿ.

ಆ ಎರಡು ರಾತ್ರಿಗೆ ಮೊಳೆ ಹೊಡೆದ ಮೇಲೆ ಉಳಿದದ್ದೆಲ್ಲ ಹಿಂದಕ್ಕೆ ಎಣಿಸುತ್ತ ಬಂದರೆ ಸಾಕಿತ್ತು. ಬುಧವಾರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ, ಮೂರು ರಾತ್ರಿ. ಶನಿವಾರ ನಾಪಾ ಕಡೆ, ಎರಡು ರಾತ್ರಿ. ಸೋಮವಾರ ಯೊಸೆಮಿಟಿ. ಮುಂದಿನ ಬುಧವಾರ ಅಲ್ಲಿಂದ ನೇರ ವಿಮಾನ ನಿಲ್ದಾಣ. ನಕ್ಷೆಯಲ್ಲಿ ನೋಡಿದರೆ ತ್ರಿಕೋನ. ಹೋದ ದಾರಿಯಲ್ಲೇ ವಾಪಸ್ ಬರುವ ಪ್ರಮೇಯವಿಲ್ಲ.

ಕಾರನ್ನು ಶನಿವಾರ ಬೆಳಿಗ್ಗೆ ಊರೊಳಗಿನ ಬಾಡಿಗೆ ಕಚೇರಿಯಿಂದ ತಗೊಂಡು, ಕೊನೆಗೆ ವಿಮಾನ ನಿಲ್ದಾಣದಲ್ಲಿ ಬಿಟ್ಟೆವು. ನಗರದಲ್ಲಿದ್ದಷ್ಟು ದಿನ ಕಾರೇ ಬೇಡ. ಹೋಟೆಲ್‌ಗಳು ಪಾರ್ಕಿಂಗಿಗೇ ದಿನಕ್ಕೆ 60 ಡಾಲರ್ ಕೇಳುತ್ತಿದ್ದವು. ರಸ್ತೆ ಬದಿ ನಿಲ್ಲಿಸೋಣ ಅಂದ್ರೆ, ಫುಟ್‌ಪಾತ್ ಮೇಲೆ ಅಲ್ಲಲ್ಲಿ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಕಾರಿನ ಗಾಜಿನ ಚೂರು. ಬಾರ್ಟ್ ರೈಲು ವಿಮಾನ ನಿಲ್ದಾಣದಿಂದ ಅರ್ಧ ಗಂಟೆಯಲ್ಲಿ ಊರ ನಡುವಿನ ಪೊವೆಲ್ ಸ್ಟ್ರೀಟ್‌ಗೆ ತಂದು ಬಿಡುತ್ತದೆ.

ನಗರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಎಲ್ಲರೂ ಬರೆದಿದ್ದಾರೆ. ಎರಡು ತಪ್ಪು ಮಾಡಿದೆ, ಅದನ್ನಷ್ಟೇ ಹೇಳುತ್ತೇನೆ. ಒಂದು, ಮೇ ತಿಂಗಳಲ್ಲವಾ ಅಂತ ಸ್ವೆಟರ್ ಪ್ಯಾಕ್ ಮಾಡಿರಲಿಲ್ಲ. ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದಷ್ಟೂ ಸಮುದ್ರದ ತಣ್ಣನೆಯ ಗಾಳಿ, ಮಂಜು ಈ ಊರಿನ ಮೇಲೆ ಹಾದು ಒಳಗೆ ನುಗ್ಗುತ್ತದೆ. ಬೇಸಿಗೆ ಏರಿದಷ್ಟೂ ಇಲ್ಲಿ ಚಳಿ. ಗೋಲ್ಡನ್ ಗೇಟ್ ಸೇತುವೆಯ 746 ಅಡಿ ಎತ್ತರದ ಗೋಪುರದಲ್ಲಿ ನಮಗೆ ಕಂಡದ್ದು ಕೆಳಗಿನ ಅರ್ಧ ಮಾತ್ರ. ಅವ್ವ ಸೀರೆಯ ಸೆರಗನ್ನು ತಲೆ ಮೇಲೆ ಬಿಗಿಯಾಗಿ ಹೊದ್ದು, "ಕಟ್ಟಿದವ್ರು ಪೂರಾ ಕಟ್ಟಿಲ್ಲೇನು?" ಅಂದಳು. ಅಲ್ಲೇ ಅಂಗಡಿಯಲ್ಲಿ ನಾಲ್ಕು ಜಾಕೆಟ್ ಕೊಂಡೆವು. ಎರಡನೇದು, ಆಲ್ಕಟ್ರಾಜ್ ದ್ವೀಪದ ಹಳೇ ಜೈಲು ನೋಡುವ ಟಿಕೆಟ್ ಹಿಂದಿನ ವಾರ ನೋಡಿದೆ, ನಾಲ್ಕು ಜನಕ್ಕೆ ಸಿಗಲಿಲ್ಲ. ಸಾಸಲಿಟೊ ದೋಣಿ ಹತ್ತಿ ಆ ದ್ವೀಪವನ್ನು ದೂರದಿಂದಲೇ ನೋಡಿದೆವು.

ಇನ್ನೊಂದು ಮಾತ್ರ ಹೇಳಲೇಬೇಕು. ಕೇಬಲ್ ಕಾರ್ ಮ್ಯೂಸಿಯಂ. ಪುಕ್ಕಟೆ. 1873ರಿಂದ ಓಡುತ್ತಿರುವ ಈ ಗಾಡಿಗಳಿಗೆ ಸ್ವಂತ ಎಂಜಿನ್ ಇಲ್ಲ. ರಸ್ತೆಯ ಕೆಳಗೆ ಗಂಟೆಗೆ ಒಂಬತ್ತೂವರೆ ಮೈಲಿ ವೇಗದಲ್ಲಿ ಉಕ್ಕಿನ ಹಗ್ಗ ಓಡುತ್ತಲೇ ಇರುತ್ತದೆ. ಗಾಡಿ ಅದನ್ನು ಹಿಡಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆ ಹಗ್ಗ ಎಳೆಯುವ ದೊಡ್ಡ ಚಕ್ರಗಳು ತಿರುಗುವುದು ಈ ಕಟ್ಟಡದಲ್ಲೇ. ಅಪ್ಪ ಮುಕ್ಕಾಲು ಗಂಟೆ ಕಟಾಂಜನ ಹಿಡಿದು ನಿಂತರು. "ಗಿರಣಿ ಪಟ್ಟಾ ಇದ್ದಂಗ ಅದ" ಅಂದರು. ನನ್ನ ಶೀಟಿನಲ್ಲಿ ಇದಕ್ಕೆ ಹದಿನೈದು ನಿಮಿಷ ಇಟ್ಟಿದ್ದೆ.

ನನಗೆ ನಿಜವಾದ ಚಿಂತೆ ಇದ್ದದ್ದು ನಾಪಾ ಬಗ್ಗೆ. ಮನೆಯಲ್ಲಿ ಯಾರೂ ಕುಡಿಯುವವರಲ್ಲ. ನನ್ನ ಹೆಂಡತಿಗೆ ವೈನ್ ರುಚಿ ನೋಡುವ ಆಸೆ, ಅತ್ತೆ ಮಾವನ ಎದುರು ಸಂಕೋಚ. ಅವ್ವ ನೇರವಾಗಿ ಕೇಳಿದಳು: "ದಾರೂ ಅಂಗಡಿಗೆ ನಮ್ಮನ್ಯಾಕ ಕರ್ಕೊಂಡ್ ಹೊಂಟಿ?"

ಹೊರಡುವ ಮೊದಲೇ ಐದು ವೈನರಿಗಳಿಗೆ ಮೇಲ್ ಬರೆದಿದ್ದೆ. ನಾಲ್ಕು ಜನ ಬರುತ್ತೇವೆ, ರುಚಿ ನೋಡುವವರು ಒಬ್ಬರೇ, ತಂದೆ ದ್ರಾಕ್ಷಿ ರೈತ, ತೋಟದೊಳಗೆ ಓಡಾಡಲು ಬಿಡುತ್ತೀರಾ? ಮೂವರು ಉತ್ತರಿಸಿದರು. ರುದರ್‌ಫರ್ಡ್ ಹತ್ತಿರದ ಒಂದು ಚಿಕ್ಕ ಮನೆತನದವರು ಕುಡಿಯದವರಿಗೆ ದುಡ್ಡು ಬೇಡ, ಭಾನುವಾರ ಹತ್ತಕ್ಕೆ ಬನ್ನಿ ಅಂದರು. ನಾಪಾದಲ್ಲಿ ಬಹುತೇಕ ಕಡೆ ಮೊದಲೇ ಹೇಳದೆ ಹೋದರೆ ಒಳಗೆ ಬಿಡುವುದಿಲ್ಲ. ಆಗ ರುಚಿ ನೋಡಲು ತಲೆಗೆ 50 ಡಾಲರ್ ಸಾಮಾನ್ಯವಾಗಿತ್ತು, ಅದರ ಮೇಲೂ ಇತ್ತು. ದಿನಕ್ಕೆ ಎರಡು ವೈನರಿ ಸಾಕು. ಮೂರನೆಯದರಲ್ಲಿ ಯಾರ ನಾಲಿಗೆಗೂ ಏನೂ ತಿಳಿಯುವುದಿಲ್ಲವಂತೆ. ಗಾಡಿ ಓಡಿಸುವವನು ಒಂದು ಗುಟುಕೂ ಮುಟ್ಟಬಾರದು ಅಂತ ನಾನೇ ನಿಯಮ ಮಾಡಿಕೊಂಡೆ.

ಶನಿವಾರ ಸೊನೋಮಾ ಊರಿನ ಚೌಕದಲ್ಲಿ ಮರದ ಕೆಳಗೆ ರೊಟ್ಟಿ ಬಿಚ್ಚಿ ಉಂಡೆವು. ಅಪ್ಪ ನಿದ್ದೆ ಮಾಡಿದರು. ರಾತ್ರಿ ಅಮೆರಿಕನ್ ಕ್ಯಾನಿಯನ್ ಎಂಬ ಊರಿನಲ್ಲಿ ಉಳಿದೆವು. ನಾಪಾಕ್ಕೆ ಇಪ್ಪತ್ತು ನಿಮಿಷ, ಬಾಡಿಗೆ ಅರ್ಧ.

ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೆ 29 ಬಿಟ್ಟು ಸಿಲ್ವರಾಡೋ ಟ್ರೇಲ್ ಹಿಡಿದೆವು. ಎರಡೂ ಅಕ್ಕಪಕ್ಕ ಹೋಗುವ ರಸ್ತೆಗಳೇ, ಇದರಲ್ಲಿ ಟ್ರಾಫಿಕ್ ಕಮ್ಮಿ. ಎರಡೂ ಕಡೆ ತೋಟ. ಅಪ್ಪ ಕಿಟಕಿ ಇಳಿಸಿ ಕೂತವರು ಮಾತೇ ನಿಲ್ಲಿಸಿದರು. ವೈನರಿಯಲ್ಲಿ ಕಾರು ನಿಂತದ್ದೇ, ಬಾಗಿಲ ಬಳಿ ನಗುತ್ತ ನಿಂತಿದ್ದ ಹೆಣ್ಣುಮಗಳನ್ನು ದಾಟಿ ಸೀದಾ ಸಾಲಿನೊಳಗೆ ಹೋದರು. ಮೊಣಕಾಲೂರಿ ಕೂತು, ಒಂದು ಗೊಂಚಲನ್ನು ಕೆಳಗಿನಿಂದ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿದರು. ಮೇ ಮಧ್ಯ ಅಲ್ಲಿ ಹೂವಿನ ಹೊತ್ತು. ಸಜ್ಜೆ ಕಾಳಿನಷ್ಟು ಹಸಿರು ಮೊಗ್ಗು, ಅಲ್ಲಲ್ಲಿ ಟೊಪ್ಪಿಗೆ ಕಳಚಿ ಬಿಳಿ ಕೇಸರ ಇಣುಕುತ್ತಿತ್ತು. ಮೂಗಿನ ಹತ್ತಿರ ಒಯ್ದು ನೋಡಿ, "ನಮ್ಮದು ಹಿಂಗ ಇರ್ತದ ನೋಡು ನವೆಂಬರ್ ಕಡೀಕ" ಅಂದರು.

ಆಮೇಲೆ ಪ್ರಶ್ನೆಗಳ ಮಳೆ. ನಾನು ದುಭಾಷಿ. "ಇವರು ಚಾಟ್ನಿ ವರ್ಷಕ್ಕ ಎಷ್ಟ್ ಸಲ ಮಾಡ್ತಾರ ಕೇಳು." ಆ ಹೆಣ್ಣುಮಗಳು ಮಧ್ಯದಲ್ಲೇ ಖುಷಿಯಿಂದ, ಓಹ್, ನೀವು ದ್ರಾಕ್ಷಿ ಚಟ್ನಿ ಮಾಡುತ್ತೀರಾ ಅಂದಳು. ಕೊಂಬೆ ಸವರುವುದು ಅಂತ ಕೈಯಲ್ಲೇ ಕತ್ತರಿ ಮಾಡಿ ತೋರಿಸಿದೆ. ಒಂದೇ ಸಲ ಎಂದಳು, ಚಳಿಗಾಲದಲ್ಲಿ ಬಳ್ಳಿ ಮಲಗಿದ್ದಾಗ. ನಮ್ಮಲ್ಲಿ ಆ ಪರಿ ಚಳಿ ಇಲ್ಲ, ಬಳ್ಳಿ ಮಲಗುವುದೇ ಇಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ಕಡ್ಡಿ ತಯಾರಾಗಲು ಒಂದು ಸಲ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು ಸಲ. ಎತ್ತರದ ಕಂಬದ ಮೇಲಿದ್ದ ವಿಮಾನದ ರೆಕ್ಕೆಯಂಥ ಫ್ಯಾನ್ ಯಾತಕ್ಕೆ ಅಂತ ಕೇಳಿದರು. ವಸಂತದ ರಾತ್ರಿಗಳಲ್ಲಿ ಹಿಮ ಬಿದ್ದು ಚಿಗುರು ಸುಡದಂತೆ ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗೆ ತಳ್ಳಲು. ಹಣ್ಣಿನ ಹೊತ್ತಿಗೆ ಮಳೆ? ಬೇಸಿಗೆಯಲ್ಲಿ ಮಳೆ ಬರೋದೇ ಅಪರೂಪ ಅಂದಳು. ಅಪ್ಪ ಆಕಾಶ ನೋಡಿದರು. ಶೆಡ್ಡಿನಲ್ಲಿ ಒಣ ಹಾಕಿದ ದ್ರಾಕ್ಷಿಗೆ ಅಕಾಲ ಮಳೆ ಬಡಿದ ವರ್ಷಗಳು ನಮ್ಮ ಮನೆಯಲ್ಲಿ ಸಾಲದ ಲೆಕ್ಕದಲ್ಲೇ ನೆನಪಿರುವುದು.

ಕೊನೆಗೆ ರೇಟು. ನಾಪಾದಲ್ಲಿ ಕ್ಯಾಬರ್ನೆ ಎಂಬ ವೈನ್ ತಳಿಯ ದ್ರಾಕ್ಷಿ ಆಗ ಸರಾಸರಿ ಟನ್ನಿಗೆ 8,000 ಡಾಲರ್ ಮೇಲೆ ಹೋಗುತ್ತಿತ್ತು. ಆರು ಲಕ್ಷ ರೂಪಾಯಿ ದಾಟುತ್ತದೆ ಅಂದೆ.

"ಎಕರೆಕ್ಕ?"

"ಅಲ್ಲಪಾ, ಟನ್ನಿಗೆ."

"ಸರಿಯಾಗಿ ಕೇಳು."

ಮತ್ತೆ ಕೇಳಿದೆ. ಟನ್ನಿಗೇ. ಎಕರೆಗೆ ಇಳುವರಿ ಮೂರು ನಾಲ್ಕು ಟನ್ ಅಷ್ಟೇ, ಜಾಸ್ತಿಯಾದ ಗೊಂಚಲನ್ನು ಬೇಕಂತಲೇ ಕತ್ತರಿಸಿ ನೆಲಕ್ಕೆ ಬಿಡುತ್ತಾರೆ ಅಂದಾಗ ಅಪ್ಪನಿಗೆ ರೇಟಿಗಿಂತ ಅದೇ ದೊಡ್ಡ ಆಘಾತವಾಯಿತು. 1976ರಲ್ಲಿ ಪ್ಯಾರಿಸ್‌ನಲ್ಲಿ ಲೇಬಲ್ ಮುಚ್ಚಿಟ್ಟು ರುಚಿ ನೋಡಿದಾಗ ನಾಪಾದ ಎರಡು ವೈನ್‌ಗಳು ಫ್ರಾನ್ಸಿನ ಹೆಸರಾಂತ ವೈನ್‌ಗಳನ್ನು ಹಿಂದೆ ಹಾಕಿದ ಕಥೆಯನ್ನೂ ಆಕೆ ಹೇಳಿದಳು. ಅಪ್ಪನ ತಲೆ ಇನ್ನೂ ನೆಲಕ್ಕೆ ಬಿದ್ದ ಗೊಂಚಲಿನಲ್ಲೇ ಇತ್ತು. ಅಷ್ಟರಲ್ಲಿ ನನ್ನ ಹೆಂಡತಿ ಒಳಗೆ ಅವ್ವನ ಪಕ್ಕದಲ್ಲೇ ಕೂತು ಐದು ಬಗೆ ರುಚಿ ನೋಡಿ ಮುಗಿಸಿದ್ದಳು. ಅವ್ವ ಲೋಟ ಮೂಸಿ ನೋಡಿ, "ಹುಳಿ ಬಂದ ಅಂಬಲಿ ವಾಸ್ನಿ" ಅಂತ ತೀರ್ಪು ಕೊಟ್ಟಳಂತೆ.

ಸಂಜೆ ಮೋಟೆಲ್‌ನಲ್ಲಿ ಅಪ್ಪನಿಗೆ ಇನ್ನೊಂದು ವಿಷಯ ಹೇಳಿದೆ. ನಾವು ಮೂವತ್ತು ವರ್ಷದಿಂದ 'ಥಾಮ್ಸನ್' 'ಥಾಮ್ಸನ್' ಅಂತ ಬೆಳೆಯುವ ತಳಿಗೆ ಆ ಹೆಸರು ಬಂದದ್ದು ವಿಲಿಯಂ ಥಾಮ್ಸನ್ ಎಂಬಾತನಿಂದ. 1870ರ ದಶಕದಲ್ಲಿ ಅವನು ಅದನ್ನು ಬೆಳೆದದ್ದು ಇದೇ ಕ್ಯಾಲಿಫೋರ್ನಿಯಾದ ಯೂಬಾ ಸಿಟಿ ಬಳಿ. "ಎಷ್ಟು ದೂರ?" ಅಂದರು. ಎರಡು ಗಂಟೆ, ಉತ್ತರಕ್ಕೆ. ನಮ್ಮ ದಾರಿ ಬೇರೆ ದಿಕ್ಕಿಗೆ. ಶೀಟಿನಲ್ಲಿ ಒಂದು ದಿನ ಖಾಲಿ ಬಿಟ್ಟಿದ್ದರೆ ಹೋಗಬಹುದಿತ್ತು. ಇದೊಂದು ಈಗಲೂ ಚುಚ್ಚುತ್ತದೆ.

ಸೋಮವಾರದ ಡ್ರೈವ್ ಮ್ಯಾಪಿನಲ್ಲಿ ನಾಲ್ಕೂವರೆ ಗಂಟೆ. ನಮಗೆ ಆರೂವರೆ ಹಿಡಿಯಿತು. ಓಕ್‌ಡೇಲ್‌ವರೆಗೆ ಬಾದಾಮಿ ತೋಟ, ಆಮೇಲೆ ಒಣ ಗುಡ್ಡ, ಆಮೇಲೆ ಘಾಟಿ. ಅವ್ವನಿಗೆ ಮಾತ್ರೆ ಮೊದಲೇ ಕೊಟ್ಟಿದ್ದೆ. ಪೆಟ್ರೋಲ್ ಗ್ರೋವ್‌ಲ್ಯಾಂಡ್‌ನಲ್ಲೇ ತುಂಬಿಸಿ. ಯೊಸೆಮಿಟಿ ಕಣಿವೆಯೊಳಗೆ ಬಂಕ್ ಇಲ್ಲ. ಫೋನ್ ಸಿಗ್ನಲ್ಲೂ ನೆಚ್ಚಿಕೊಳ್ಳುವಂತಿಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡಿರಬೇಕು. ಗೇಟಿನಲ್ಲಿ ಕಾರಿಗೆ 35 ಡಾಲರ್ ಕೊಟ್ಟೆವು.

ರೂಮಿಗೆ ಹೋಗುವ ಮುಂಚೆ ಸ್ವಲ್ಪ ಸುತ್ತು ಹಾಕಿ ಟನಲ್ ವ್ಯೂಗೆ ಹೋದೆವು. ಎಡಕ್ಕೆ 3,000 ಅಡಿಯ ಒಂದೇ ಬಂಡೆ ಎಲ್ ಕ್ಯಾಪಿಟನ್, ಬಲಕ್ಕೆ ಬ್ರೈಡಲ್‌ವೇಲ್ ಜಲಪಾತ, ದೂರದಲ್ಲಿ ಹಾಫ್ ಡೋಮ್. ಮೇ ತಿಂಗಳು ಹೋಗಿದ್ದು ಸಾರ್ಥಕ. ಮೇಲಿನ ಹಿಮ ಕರಗಿ ನೀರು ತುಂಬಿ ಬೀಳುವುದು ಆಗಲೇ. ಆಗಸ್ಟಿಗೆ ಯೊಸೆಮಿಟಿ ಫಾಲ್ಸ್ ಒಣಗುವುದೂ ಉಂಟು. ಅದರ ಎತ್ತರ 739 ಮೀಟರ್, ಮೂರು ಮೆಟ್ಟಿಲಲ್ಲಿ ಬೀಳುತ್ತದೆ. ನಮ್ಮ ಜೋಗ 253. ರಾತ್ರಿಯಿಡೀ ರೂಮಿನೊಳಗೂ ಅದರ ಸದ್ದು.

ಕೀ ಕೊಡುವಾಗ ಕೌಂಟರಿನವರು ಕರಡಿ ಪಾಠ ಮಾಡಿದರು. ಕಾರಿನಲ್ಲಿ ರಾತ್ರಿ ತಿನ್ನುವ ಒಂದು ಚೂರೂ ಇರಬಾರದು, ವಾಸನೆ ಬರುವ ಕ್ರೀಮೂ ಇರಬಾರದು. ಕರಡಿ ಬಾಗಿಲನ್ನೇ ಮಡಚಿ ಹಾಕುತ್ತದೆ. ನಮ್ಮ ಕಾರಿನಲ್ಲಿ ಏನಿತ್ತು? ಒಂದು ಚೀಲ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಅಂಟಿನ ಉಂಡಿ. ಎಲ್ಲ ರೂಮಿಗೆ ಹೊತ್ತೆವು. ರಾತ್ರಿ ಹನ್ನೊಂದಕ್ಕೆ ಅವ್ವ ಎದ್ದು ಕೂತು ಡಬ್ಬಿ ಎಣಿಸಿ, ಶೇಂಗಾ ಹೋಳಿಗೆ ಪ್ಯಾಕೆಟ್ ಇಲ್ಲ ಅಂದಳು. ಫೋನ್ ಟಾರ್ಚ್ ಹಿಡಿದು ಪಾರ್ಕಿಂಗಿಗೆ ಓಡಿದೆ. ಹಿಂದಿನ ಸೀಟಿನ ಕೆಳಗಿತ್ತು. ಎರಡು ಹೋಳಿಗೆ. ಅಲ್ಲೇ ನಿಂತು ಒಂದು ತಿಂದೆ, ಭಯಕ್ಕೋ ಹಸಿವಿಗೋ ಗೊತ್ತಿಲ್ಲ.

ಮಂಗಳವಾರ ಏನೂ ಪ್ಲ್ಯಾನ್ ಇಡಲಿಲ್ಲ. ಕಣಿವೆಯ ಒಳಗೆ ಪುಕ್ಕಟೆ ಬಸ್ ಸುತ್ತುತ್ತಿರುತ್ತದೆ. ಅವ್ವನಿಗೆ ಬೇಕಾದಲ್ಲಿ ಇಳಿದೆವು, ಸಾಕಾದಾಗ ಹತ್ತಿದೆವು. ಮಧ್ಯಾಹ್ನ ಮರ್ಸೆಡ್ ನದಿಯ ದಂಡೆಯಲ್ಲಿ ಅಪ್ಪ ಮಲಗಿದರು.

ಸಂಜೆ ಊಟವಾದ ಮೇಲೆ ರಸ್ತೆ ದಾಟಿ ಕೆಳಗಿನ ಫಾಲ್ಸ್ ಕಡೆ ನಡೆದೆವು. ಟ್ರೈಪಾಡ್ ಹೊತ್ತ ಇಬ್ಬರು ಎದುರಾದರು. ಕತ್ತಲಲ್ಲಿ ಯಾವ ಫೋಟೋ ಅಂತ ಕೇಳಿದೆ. ವಸಂತದ ಹುಣ್ಣಿಮೆ ರಾತ್ರಿ ಇಲ್ಲಿ ಜಲಪಾತದ ತುಂತುರಿನಲ್ಲಿ ಬೆಳದಿಂಗಳ ಕಾಮನಬಿಲ್ಲು ಕಟ್ಟುತ್ತದಂತೆ. ಅದಕ್ಕೆ ಇವತ್ತೇ ಬಂದು ಜಾಗ ನೋಡಿಟ್ಟುಕೊಳ್ಳುತ್ತಿದ್ದರು. ನಾನು ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ತಲೆಯೆತ್ತಿ, ಇನ್ನೇನು ತುಂಬಲು ಬಂದಿದ್ದ ಚಂದ್ರನನ್ನು ನೋಡಿದಳು.

"ನಾಡಿದ್ದು ಬುದ್ಧ ಪೂರ್ಣಿಮಾ ಅದ. ಇಷ್ಟೆಲ್ಲಾ ಕಂಪ್ಯೂಟರ್‌ನ್ಯಾಗ ನೋಡಿದಿ, ಪಂಚಾಂಗ ಒಮ್ಮಿ ನೋಡಾಕ ಆಗ್ಲಿಲ್ಲೇನು?"