ದೊಡ್ಡ ಟೈರ್ ಉಜ್ಜುತ್ತಿತ್ತು, ಸರಿಹೋದದ್ದು ಹೀಗೆ

ಮೂಡಿಗೆರೆ ಹತ್ತಿರದ ನಮ್ಮ ತೋಟದ ಜೀಪಿಗೆ ಮೊದಲಿದ್ದ ಟೈರು 235/70 ಆರ್16. ಮಳೆಗಾಲದ ಕೆಸರಿಗೆ ಅಂತ 265/75 ಆರ್16 ಮಡ್ ಟೆರೇನ್ ಹಾಕಿಸಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಏರಿನಲ್ಲಿ ಎಳೆತವೂ ಕಮ್ಮಿ.

ಮಡ್‌ಫ್ಲಾಪ್ ಕತ್ತರಿಸಿದೆ, ಪ್ರಯೋಜನ ಆಗಲಿಲ್ಲ. ಚಕ್ರವನ್ನು ಹೊರಗೆ ತಳ್ಳುವ ಸ್ಪೇಸರ್ ಬಿಲ್ಲೆ ಹಾಕಿಸಿದೆ. ಟೈರು ಹೊರಗೆ ಬಂದು ಇನ್ನೂ ಜಾಸ್ತಿ ತಾಗಿತು. ಚಕ್ರ ಎಷ್ಟು ತಿರುಗಬೇಕೆಂದು ತಡೆಯುವ ಸ್ಟೀರಿಂಗ್ ಸ್ಟಾಪ್ ಬೋಲ್ಟ್ ಹೊಂದಿಸಿದ ಮೇಲೆ ಉಜ್ಜುವುದು ನಿಂತಿತು, ಆದರೆ ತೋಟದ ತಿರುವಿನಲ್ಲಿ ಜೀಪು ತಿರುಗುತ್ತಲೇ ಇರಲಿಲ್ಲ.

ಆಮೇಲೆ ಟೈರಿನ ಒಟ್ಟು ಎತ್ತರದ ಲೆಕ್ಕ ಹಾಕಿದೆ. ಅಗಲ 235, ಅದರ 70 ಶೇಕಡಾ, ಎರಡು ಪಟ್ಟು: 329 ಮಿ.ಮೀ. 16 ಇಂಚಿನ ರಿಮ್ 406. ಒಟ್ಟು 735. ನಾನು ಹಾಕಿಸಿದ್ದು 804! ಶೇ. 9 ಜಾಸ್ತಿ. ಮೀಟರ್ 60 ತೋರಿಸುವಾಗ ನಿಜವಾದ ವೇಗ 65 ದಾಟುತ್ತದೆ. ಹಳೇ ಟೈರಿಗೂ ಹೊಸದಕ್ಕೂ ಎತ್ತರದ ವ್ಯತ್ಯಾಸ ಶೇ. 3ರೊಳಗೆ ಇರಲಿ.

245/70 ಆರ್16 ಆಲ್ ಟೆರೇನ್ (ಟಾರು, ಮಣ್ಣು ಎರಡಕ್ಕೂ ಆಗುವ ಟೈರು) ತಂದೆ. 749 ಮಿ.ಮೀ., ಶೇ. 2 ಅಷ್ಟೇ. ಮೊದಲು ಸ್ಪೇಸರ್ ತೆಗೆಸಿ, ಸ್ಟಾಪ್ ಬೋಲ್ಟ್ ಹಳೇ ಜಾಗಕ್ಕೆ ತಂದು, ನಂತರ ಐದೂ ಟೈರು ಬದಲಿಸಿ ಅಲೈನ್‌ಮೆಂಟ್ ಮಾಡಿಸಿದೆ. ಸ್ಟೆಪ್ನಿ ಮರೆಯಬೇಡಿ, ಫೋರ್ ವೀಲ್ ಜೀಪಿಗೆ ನಾಲ್ಕೂ ಒಂದೇ ಅಳತೆ ಬೇಕು.

ಟೈರು 14 ಮಿ.ಮೀ. ದೊಡ್ಡದಾದರೂ ಜೀಪು ಎತ್ತರ ಆಗುವುದು ಅದರ ಅರ್ಧ, ಬರೀ 7 ಮಿ.ಮೀ. ಕೆಸರಲ್ಲಿ ನಿಜಕ್ಕೂ ಕೆಲಸ ಮಾಡಿದ್ದು ಗಾಳಿ: ಟಾರ್ ರಸ್ತೆಗೆ 32 ಪಿಎಸ್‌ಐ, ತೋಟದೊಳಗೆ ನಿಧಾನಕ್ಕೆ ಹೋಗುವಾಗ 22. ಟಾರಿಗೆ ಹತ್ತುವ ಮುಂಚೆ ಪಂಪ್‌ನಿಂದ ಮತ್ತೆ 32.