ಗುಬ್ಬಿಗೆ ಒಂದು ಲಕ್ಷ ಎಪ್ಪತ್ತು ಸಾವಿರ

ತುಮಕೂರಿನಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್, ಫ್ಲೆಕ್ಸ್ ಅಂಗಡಿ. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಒಳಗೆ ನಾಲ್ಕು ಜನ ಕೂರುತ್ತೇವೆ. ಹೊರಗಿನವರು ಇಸ್ಪೀಟು ಅಂದುಕೊಳ್ಳುತ್ತಾರೆ. ಪಕ್ಕದ ಅಂಗಡಿಯವರು ಒಂದು ಸಲ ಬಗ್ಗಿ ನೋಡಿ, "ಏನ್ರೀ ಇದು, ಚೌಕಾಬಾರಾನಾ?" ಅಂದರು. ದಾಳ ಇದೆ, ಮನೆಗಳಿವೆ, ಕಾಯಿಗಳಿವೆ. ಹೌದು ಅಂದುಬಿಟ್ಟೆ. ಬಿಡಿಸಿ ಹೇಳೋಕೆ ಅರ್ಧ ಗಂಟೆ ಬೇಕು.

ಆಟದ ಹೆಸರು ಬ್ಲಡ್ ಬೌಲ್. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಗಾಗಿ ಜರ್ವಿಸ್ ಜಾನ್ಸನ್ ಅನ್ನೋರು ಮಾಡಿದ್ದು, 1986ರಲ್ಲಿ ಮೊದಲು ಬಂತು. ಅಮೆರಿಕದ ಫುಟ್‌ಬಾಲನ್ನು ತೆಗೆದುಕೊಂಡು ಅದರೊಳಗೆ ರಾಕ್ಷಸರು, ಕುಳ್ಳರು, ಇಲಿಮನುಷ್ಯರನ್ನು ಬಿಟ್ಟಿದ್ದಾರೆ. ಈ ಆಟಕ್ಕೆ ಒಬ್ಬ ದೇವರೂ ಇದ್ದಾನೆ, ಹೆಸರು ನಫಲ್. ಅಮೆರಿಕದ ಲೀಗ್ ಎನ್‌ಎಫ್‌ಎಲ್ ಇದೆಯಲ್ಲ, ಅದನ್ನೇ ಒಂದೇ ಉಸಿರಿಗೆ ಓದಿದರೆ ನಫಲ್! ಮೈದಾನ ಉದ್ದಕ್ಕೆ 26 ಮನೆ, ಅಗಲಕ್ಕೆ 15. ಮೈದಾನದಲ್ಲಿ ಒಂದೊಂದು ಕಡೆಗೆ ಹನ್ನೊಂದು ಜನ. ಒಂದೊಂದು ಅರ್ಧದಲ್ಲಿ ಒಬ್ಬೊಬ್ಬರಿಗೆ ಎಂಟು ಸರದಿ. ನಿನ್ನ ಸರದಿಯಲ್ಲಿ ನಿನ್ನ ಆಳೇ ಬಿದ್ದರೆ ಸರದಿ ಅಲ್ಲಿಗೇ ಮುಗಿಯಿತು.

ಡಬ್ಬ ತಂದವನು ನನ್ನ ಭಾಮೈದ. ಬೆಂಗಳೂರಿನಲ್ಲಿ ಸಾಫ್ಟ್‌ವೇರು, ಶನಿವಾರ ರಾತ್ರಿ ಊರಿಗೆ ಬರುತ್ತಾನೆ. ಅದು 2020ರ ಆವೃತ್ತಿ. ಅದರಲ್ಲಿ ಎರಡು ತಂಡದ ಗೊಂಬೆಗಳು ಮಾತ್ರ ಇದ್ದವು, ನಾವು ನಾಲ್ಕು ಜನ. ನನಗೆ ಬೇಕಾಗಿದ್ದ ಸಾದಾ ಮನುಷ್ಯರ ತಂಡ ಅದರಲ್ಲಿರಲಿಲ್ಲ. ಹಾಗಾಗಿ ಸೋಡಾ ಬಾಟಲಿ ಮುಚ್ಚಳಕ್ಕೆ ನಂಬರ್ ಸ್ಟಿಕ್ಕರ್ ಅಂಟಿಸಿದೆ. ಎರಡನೇ ಮೈದಾನವನ್ನು ಉಳಿದಿದ್ದ ಫ್ಲೆಕ್ಸ್ ತುಂಡಿನ ಮೇಲೆ ಹೊಡೆದೆ. ಹಿಂದುಗಡೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಅರ್ಧ ಮುಖ ಇನ್ನೂ ಇದೆ.

ತಂಡಕ್ಕೆ ಕ್ಯಾತ್ಸಂದ್ರ ಕರಡಿಗಳು ಅಂತ ಹೆಸರಿಟ್ಟೆ. ದೇವರಾಯನದುರ್ಗದ ಕಾಡಲ್ಲಿ ಕರಡಿ ಇವೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಇದೆ. ನನಗೆ ಎರಡೂ ಬೇಕಿತ್ತು. ಆಟಗಾರರಿಗೆ ಜಿಲ್ಲೆಯ ಹತ್ತು ತಾಲ್ಲೂಕಿನ ಹೆಸರು. ಸಾಲದೇ ಹೋದ ಇಬ್ಬರಿಗೆ ಹೆಬ್ಬೂರು, ಊರ್ಡಿಗೆರೆ.

ಶುರುವಿಗೆ ಎಲ್ಲರಿಗೂ 10 ಲಕ್ಷ ಚಿನ್ನದ ನಾಣ್ಯ. ನನ್ನ ಲೆಕ್ಕ ಹೀಗಿತ್ತು: ನುಗ್ಗಿ ಹೊಡೆಯೋ ಬ್ಲಿಟ್ಜರ್ ನಾಲ್ಕು, ತಲಾ 85 ಸಾವಿರ; ಚೆಂಡು ಹಿಡಿದು ಓಡೋ ಕ್ಯಾಚರ್ ಎರಡು, ತಲಾ 65 ಸಾವಿರ; ಚೆಂಡು ಎಸೆಯೋ ಥ್ರೋವರ್ ಒಬ್ಬ, 80 ಸಾವಿರ; ಸಾದಾ ಆಳು ಲೈನ್‌ಮನ್ ಐದು, ತಲಾ 50 ಸಾವಿರ. ದಾಳ ಮತ್ತೆ ಹಾಕೋಕೆ ರೀರೋಲ್ ಮೂರು, ಒಂದಕ್ಕೆ 50 ಸಾವಿರ. ಗಾಯ ನೋಡೋಕೆ ಅಪೋತಿಕರಿ, ಅದಕ್ಕೂ 50. ನಾವು ಅವನನ್ನು ಕಾಂಪೌಂಡರ್ ಅಂತೀವಿ. ಸರಿಯಾಗಿ 10 ಲಕ್ಷ, ಒಂದು ನಾಣ್ಯ ಮಿಗಲಿಲ್ಲ.

ಬಿಡಿ ಪಂದ್ಯ ಆಡಿದರೆ ಇದು ಮೂರು ಗಂಟೆ ಹೊತ್ತು ಕಳೆಯೋ ಆಟ ಅಷ್ಟೆ. ಮಜಾ ಇರೋದು ಲೀಗಿನಲ್ಲಿ. ಚೆಂಡು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ನಮ್ಮ ಬಾಯಲ್ಲಿ ಗೋಲು. ಅದನ್ನು ಮಾಡಿದವನಿಗೆ 3 ಪಾಯಿಂಟು, ಎದುರಾಳಿಯನ್ನು ಆಸ್ಪತ್ರೆಗೆ ಕಳಿಸಿದವನಿಗೆ 2, ಪಾಸ್ ಮುಟ್ಟಿಸಿದವನಿಗೆ 1, ಪಂದ್ಯಶ್ರೇಷ್ಠನಿಗೆ 4. ಪಾಯಿಂಟು ಕೊಟ್ಟು ಹೊಸ ವಿದ್ಯೆ ಕಲಿಯಬಹುದು. ನಾವೇ ಆರಿಸಿದರೆ ಮೊದಲನೆಯದಕ್ಕೆ 6, ಎರಡನೆಯದಕ್ಕೆ 8, ಮೂರನೆಯದಕ್ಕೆ 12. ಕಲಿತವನು ಮುಂದಿನ ವಾರವೂ ಕಲಿತವನೇ. ಕಾಲು ಮುರಿದವನು ಮುಂದಿನ ವಾರವೂ ಕುಂಟನೇ.

ನನ್ನ ಮೊದಲ ಸ್ಟಾರ್ ಕುಣಿಗಲ್, ಕ್ಯಾಚರ್. ಕುದುರೆ ಫಾರಂ ಇರೋ ಊರಿನ ಹೆಸರನ್ನು ಬೇಕಂತಲೇ ಅವನಿಗೆ ಇಟ್ಟಿದ್ದೆ. ಒಂದು ಸರದಿಗೆ ಎಂಟು ಮನೆ ಓಡುತ್ತಾನೆ, ಆದರೆ ಬಲ ಎರಡೇ. ಮೊದಲೆರಡು ಪಂದ್ಯದಲ್ಲಿ ಒಂದೊಂದು ಟಚ್‌ಡೌನ್, 6 ಪಾಯಿಂಟು, ತಗೋ ಬ್ಲಾಕ್, ಹೊಡೆದಾಟದಲ್ಲಿ ಬೀಳದೆ ನಿಲ್ಲೋ ವಿದ್ಯೆ. ತಪ್ಪಿಸಿಕೊಳ್ಳೋ ಡಾಡ್ಜ್ ಅವನಿಗೆ ಹುಟ್ಟಿನಿಂದಲೇ ಇತ್ತು. ಎರಡೂ ಸೇರಿದ ಮೇಲೆ ಅವನನ್ನು ಕೆಡವೋದು ಕಷ್ಟ. ನಾನು ಚೆಂಡು ಸಿಕ್ಕಿದರೆ ಕುಣಿಗಲ್‌ಗೆ, ಸಿಗದಿದ್ದರೂ ಕುಣಿಗಲ್‌ಗೆ ಅನ್ನೋ ಥರ ಆಡತೊಡಗಿದೆ. ಉಳಿದ ಹನ್ನೊಂದು ಜನ ಮೂರು ತಿಂಗಳಲ್ಲಿ ಏನೂ ಕಲಿಯಲಿಲ್ಲ.

ಏಳನೇ ಪಂದ್ಯ ಮೇಷ್ಟ್ರ ಜೊತೆ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ನಿವೃತ್ತರಾದವರು, ಮಾತು ಮೆತ್ತಗೆ, ತಂಡ ಮಾತ್ರ ಓರ್ಕ್ ರಾಕ್ಷಸರದು. ಅವರಿಗೆ ಚೆಂಡಿನ ಕಡೆ ಲಕ್ಷ್ಯವೇ ಇರಲಿಲ್ಲ. ಮೂರು ಜನ ಸೇರಿ ಕುಣಿಗಲ್‌ನನ್ನು ಗೆರೆಯ ಅಂಚಿಗೆ ಒತ್ತಿದರು. ಹೊಡೆದರು. ರಕ್ಷಾಕವಚ ಒಡೆಯಿತು, ಗಾಯದ ದಾಳ ಹತ್ತು. ಅಂದರೆ ಮೈದಾನದಿಂದ ಆಚೆ, ಎಷ್ಟು ಪೆಟ್ಟು ಅಂತ ಹದಿನಾರು ಮುಖದ ದಾಳ ಹಾಕಿ ನೋಡಬೇಕು. ಆ ದಾಳ ಕಳೆದುಹೋಗಿತ್ತು, ಆದ್ದರಿಂದ ಚೀಟಿ ಫಂಡಿನ ಥರ ಸ್ಟೀಲ್ ಲೋಟದಲ್ಲಿ 16 ಚೀಟಿ ಹಾಕಿಟ್ಟಿದ್ದೆವು. 15, 16 ಬಂದರೆ ಸಾವು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಒಂದು ಎತ್ತಿದರು. 15. ಕಾಂಪೌಂಡರ್‌ನನ್ನು ಕರೆದೆ. ಅವನು ಬಂದರೆ ಇನ್ನೊಂದು ಸಲ ಎತ್ತಬಹುದು, ಎರಡರಲ್ಲಿ ಹಗುರದ್ದು ಆರಿಸಿಕೊಳ್ಳಬಹುದು. ಚೀಟಿ ವಾಪಸ್ ಹಾಕಿ ಚೆನ್ನಾಗಿ ಕುಲುಕಿ ನಾನೇ ಎತ್ತಿದೆ. 16.

"ಕ್ಷಮಿಸ್ರೀ," ಅಂದರು ಮೇಷ್ಟ್ರು. ಆಮೇಲೆ ಚೆಂಡು ಎತ್ತಿಕೊಂಡು ಹೋಗಿ ಟಚ್‌ಡೌನ್ ಮಾಡಿದರು.

ಅಲ್ಲಿಂದ ಮಧುಗಿರಿಯ ಕಾಲ. ಬ್ಲಿಟ್ಜರ್, ಏಕಶಿಲಾ ಬೆಟ್ಟದ ಊರಿನವನು, ಅಲ್ಲಾಡೋ ಆಸಾಮಿಯಲ್ಲ. ಬ್ಲಾಕ್ ಮೊದಲೇ ಇತ್ತು. ಪಕ್ಕದವನಿಗೆ ಆಸರೆಯಾಗೋ ಗಾರ್ಡ್, ಪೆಟ್ಟು ಜೋರಾಗೋ ಮೈಟಿ ಬ್ಲೋ, ಡಾಡ್ಜ್ ಇರೋರನ್ನೂ ಕೆಡವೋ ಟ್ಯಾಕಲ್ ಒಂದೊಂದಾಗಿ ಕಲಿತ. ಒಟ್ಟು 26 ಪಾಯಿಂಟಿನ ವಿದ್ಯೆ. ಅವನು ಹೆಚ್ಚು ಗೋಲು ಹೊಡೆಯುವವನಲ್ಲ, ಜನ ಬೀಳಿಸುವವನು. ಮೆಡಿಕಲ್ ಸ್ಟೋರ್ ಇಟ್ಟಿರೋ ನನ್ನ ಗೆಳೆಯನ ಕುಳ್ಳರ ತಂಡದಲ್ಲಿ ಹೆಚ್ಚಿನವರ ಓಟ ನಾಲ್ಕೇ ಮನೆ, ಆದರೆ ಕೆಡವೋಕೂ ಆಗೋದಿಲ್ಲ. ಅವರನ್ನೂ ಮಧುಗಿರಿ ಎರಡು ಪಂದ್ಯದಲ್ಲಿ ಐದು ಜನ ಹೊರಗೆ ಹಾಕಿದ. ಆ ವಾರಗಳಲ್ಲಿ ಅಂಗಡಿಯಲ್ಲಿ ಗಿರಾಕಿ ಜೊತೆ ಮಾತಾಡುವಾಗಲೂ ನನಗೆ ಒಳಗೊಳಗೇ ನಗು.

ಈಗ ಬರುವುದು ನಾನು ತಡವಾಗಿ ಕಲಿತ ವಿಷಯ. ಆರಿಸಿ ಕಲಿತ ಒಂದೊಂದು ವಿದ್ಯೆಗೂ ಆಟಗಾರನ ಬೆಲೆ 20 ಸಾವಿರ ಏರುತ್ತದೆ. 85ರ ಮಧುಗಿರಿ 1 ಲಕ್ಷ 45 ಸಾವಿರ ಆದ. ಓಗ್ರ ಅನ್ನೋ ಬೆಟ್ಟದಂಥ ದೈತ್ಯನ ಬೆಲೆಯೇ 1 ಲಕ್ಷ 40 ಸಾವಿರ! ತಂಡದ ಒಟ್ಟು ಬೆಲೆ ಎದುರಾಳಿಗಿಂತ ಎಷ್ಟು ಹೆಚ್ಚೋ ಅಷ್ಟು ದುಡ್ಡು ಆ ಪಂದ್ಯಕ್ಕೆ ಎದುರಾಳಿಗೆ ಸಿಗುತ್ತದೆ. ಅದರಲ್ಲಿ ಅವರು ಬಾಡಿಗೆ ಸ್ಟಾರ್ ತರಬಹುದು. ಪುಸ್ತಕದಲ್ಲೇ ಇರೋ ಹೆಸರಾಂತ ಆಟಗಾರರು ಇವರು: ಗ್ರಿಫ್ ಓಬರ್‌ವಾಲ್ಡ್, ಮೋರ್ಗ್ ಎನ್ ಥೋರ್ಗ್ ಅಂತೆಲ್ಲ. ಬರುತ್ತಾರೆ, ಒಂದು ಪಂದ್ಯ ಆಡುತ್ತಾರೆ, ಹೋಗುತ್ತಾರೆ. ಇಂಥವರ ಮೇಲೆ ನನಗೆ ಪ್ರೀತಿ ಇಲ್ಲ. ಮದುವೆ ಮನೆಗೆ ಬಾಡಿಗೆ ಒಡವೆ ತಂದ ಹಾಗೆ.

ಎರಡನೇ ಸೀಸನ್ನಿನ ಕೊನೆಯ ಹೊತ್ತಿಗೆ ಮಧುಗಿರಿಗೆ 13ರ ಚೀಟಿ ಬಂತು. ಮಂಡಿ ಪುಡಿ, ಏಳು ಮನೆ ಓಡುತ್ತಿದ್ದವನು ಆರಕ್ಕಿಳಿದ. ಕಾಂಪೌಂಡರ್ ಆ ಪಂದ್ಯದಲ್ಲಿ ಆಗಲೇ ಬೇರೆಯವನಿಗೆ ಖರ್ಚಾಗಿದ್ದ. ಓಟ ಕಡಿಮೆಯಾಯಿತು, ಬೆಲೆ ಮಾತ್ರ ಒಂದು ನಾಣ್ಯ ಇಳಿಯಲಿಲ್ಲ.

"ಭಾವ, ಬಿಟ್ಬಿಡಿ ಅವನನ್ನ," ಅಂದ ಭಾಮೈದ.

"ನೀನು ಇಲಿ ಆಡಿಸುವವನು, ನಿನಗೇನೋ ಗೊತ್ತು," ಅಂದೆ. ಅವನದು ಸ್ಕೇವನ್, ಇಲಿಮನುಷ್ಯರು. ವಾರಕ್ಕೊಬ್ಬ ಸತ್ತರೂ ಅವನಿಗೆ ಬೇಜಾರಿಲ್ಲ.

ಮುಂದಿನ ಪಂದ್ಯಕ್ಕೆ ಮೇಷ್ಟ್ರು ವ್ಯತ್ಯಾಸದ ದುಡ್ಡಿನಲ್ಲಿ ವರಾಗ್ ಘೂಲ್-ಚ್ಯೂವರ್ ಅನ್ನೋ ಓರ್ಕ್ ಸ್ಟಾರನ್ನು ತಂದು ನಿಲ್ಲಿಸಿದರು. ಹೆಚ್ಚು ಹೇಳುವುದಿಲ್ಲ. ಆ ಸೀಸನ್ ಕೊನೆಯ ಸ್ಥಾನ ನಮ್ಮದೇ.

ಸೀಸನ್ ಮುಗಿದ ಮೇಲೆ ತಂಡವನ್ನು ಮತ್ತೆ ಕಟ್ಟಬೇಕು. ಕೈಗೆ ಒಂದಿಷ್ಟು ದುಡ್ಡು ಬರುತ್ತದೆ, ಹಳಬರನ್ನೂ ಅದರಲ್ಲೇ ಕೊಳ್ಳಬೇಕು. ಆಡಿದ ಒಂದೊಂದು ಸೀಸನ್ನಿಗೂ 20 ಸಾವಿರ ಏಜೆಂಟ್ ಫೀಸು ಬೇರೆ. ಮಧುಗಿರಿ 1 ಲಕ್ಷ 85 ಸಾವಿರಕ್ಕೆ ಬಂದು ನಿಂತ. ಎರಡು ರಾತ್ರಿ ಯೋಚಿಸಿ ಕೈಬಿಟ್ಟೆ. ಆ ಮುಚ್ಚಳ ಈಗ ಅಂಗಡಿ ಬೀಗದ ಕೈ ಗೊಂಚಲಲ್ಲಿದೆ.

ಮೂರನೇ ಸೀಸನ್ನಿಗೆ ಸ್ಟಾರ್ ಅಂತ ಯಾರನ್ನೂ ಇಟ್ಟುಕೊಳ್ಳಬಾರದು ಅಂತಲೇ ಹೊರಟೆ. ಪಾಯಿಂಟನ್ನು ಹಂಚತೊಡಗಿದೆ. ಹೇಗೆ ಅಂದರೆ, ಅರ್ಧದ ಕೊನೆಯ ಸರದಿಯಲ್ಲಿ ಗೋಲು ಆಗೋ ಹಾಗೆ ಇಲ್ಲದಿದ್ದರೆ ಸುಮ್ನೆ ಪಕ್ಕದವನಿಗೆ ಚೆಂಡು ಎಸೆ, ಎಸೆದವನಿಗೆ 1 ಪಾಯಿಂಟು. ಗೆರೆ ದಾಟೋಕೆ ಎರಡು ಸರದಿ ಉಳಿದಿದ್ದರೆ ಓಟಗಾರನೇ ದಾಟಬೇಕಾಗಿಲ್ಲ, 6ಕ್ಕೆ 3 ಕಮ್ಮಿ ಇರೋ ಲೈನ್‌ಮನ್ ಕೈಗೆ ಕೊಡು. ಪಂದ್ಯಶ್ರೇಷ್ಠನಿಗೆ ಆರು ಹೆಸರು ಬರೆದು ದಾಳ ಹಾಕುತ್ತೇವೆ. ಮೊದಲು ಬ್ಲಿಟ್ಜರ್‌ಗಳನ್ನೇ ಬರೆಯುತ್ತಿದ್ದೆ, ಈಗ ಏನೂ ಕಲಿಯದವರ ಹೆಸರು ಮೊದಲು. ಇದರಲ್ಲಿ ಒಂದೆರಡು ಸಲ ಗೋಲು ಕೈತಪ್ಪಿದ್ದೂ ಉಂಟು. ಲೈನ್‌ಮನ್‌ಗೆ ಚೆಂಡು ಕೊಡಲು ಹೋಗಿ ದಾಳದಲ್ಲಿ ಒಂದು ಬಿತ್ತು, ಚೆಂಡು ಇಲಿಯ ಕಾಲಡಿಗೆ. ಭಾಮೈದ ಅವತ್ತು ನಕ್ಕಿದ್ದು ಬಿ.ಎಚ್. ರಸ್ತೆವರೆಗೂ ಕೇಳಿಸಿರಬೇಕು.

ಹಾಗೆ ಹಂಚುತ್ತಾ ಹೋದಾಗ ಗುಬ್ಬಿ ಎದ್ದು ಬಂದ. ಲೈನ್‌ಮನ್, 50 ಸಾವಿರದವನು, ಮೊದಲ ದಿನದಿಂದ ಇದ್ದವನು. ಶುರುವಿನಲ್ಲಿ ನಡುಗೆರೆ ಮೇಲೆ ಮೂರು ಜನ ನಿಲ್ಲಲೇಬೇಕು, ಒದೆ ತಿನ್ನೋಕೆ ಅಂತಲೇ. ಎರಡು ವರ್ಷ ಅವನನ್ನು ಅಲ್ಲೇ ನಿಲ್ಲಿಸಿದ್ದೆ. ಸ್ಟಿಕ್ಕರ್ ಕಿತ್ತುಹೋಗಿ ಪೆನ್ನಲ್ಲಿ 9 ಅಂತ ಬರೆದಿದ್ದೆ. ಬಾಕಿ ಎಲ್ಲರಿಗೂ ಏನಾದರೊಂದು ಆಯಿತು, ಅವನಿಗೆ ಆಗಲಿಲ್ಲ. ದಾಳ ಹಾಕಿದರೆ ಮೂರು ಸಲ ಪಂದ್ಯಶ್ರೇಷ್ಠ ಅವನೇ. ಬ್ಲಾಕ್ ಕಲಿತ. ಚೆಂಡು ಕೈಜಾರದ ಶ್ಯೂರ್ ಹ್ಯಾಂಡ್ಸ್ ಕಲಿತ. ನಾಲ್ಕು ಟಚ್‌ಡೌನ್, ಎರಡು ಪಾಸ್ ಸೇರಿ 26 ಆದಾಗ ಫೆಂಡ್ ಕೊಟ್ಟೆ. ತಳ್ಳಿದವರು ಹಿಂದೆಯೇ ಬಂದು ಮೈಮೇಲೆ ಬೀಳೋ ಹಾಗಿಲ್ಲ. ಕುಣಿಗಲ್‌ನ ವೇಗ ಇಲ್ಲ, ಮಧುಗಿರಿಯ ಪೆಟ್ಟಿಲ್ಲ. ಮೂರನೇ ಸೀಸನ್ನಿನ ಕೊನೆ ಪಂದ್ಯದಲ್ಲಿ ಚೆಂಡು ಹಿಡಿದು ಆರು ಸರದಿ ಓರ್ಕ್‌ಗಳ ನಡುವೆ ನಿಂತಿದ್ದ. ಎರಡು ಸಲ ಮೂಲೆಗೆ ತಳ್ಳಿಸಿಕೊಂಡ. ಬೀಳಲಿಲ್ಲ. ಎಂಟನೇ ಸರದಿಯಲ್ಲಿ ಗೆರೆ ದಾಟಿದ. ಆ ಸೀಸನ್ ಎರಡನೇ ಸ್ಥಾನ ಬಂತು.

ನನಗನ್ನಿಸುವುದು, ಈ ಆಟದಲ್ಲಿ ಸ್ಟಾರನ್ನು ನಾವು ಮಾಡೋದಕ್ಕಿಂತ ಉಳಿದವನು ಸ್ಟಾರ್ ಆಗೋದೇ ಜಾಸ್ತಿ. ಭಾಮೈದ ಒಪ್ಪೋದಿಲ್ಲ. "ದಾಳ, ಭಾವ, ಬರೀ ದಾಳ," ಅಂತಾನೆ.

ನಾಲ್ಕನೇ ಸೀಸನ್ನಿಗೆ ಮೊನ್ನೆ ತಂಡ ಕಟ್ಟಲು ಕೂತೆ. ಗುಬ್ಬಿ: ಮೂಲ ಬೆಲೆ 50, ಮೂರು ವಿದ್ಯೆಗೆ 60, ಮೂರು ಸೀಸನ್ ಫೀಸು 60. ಒಟ್ಟು 1 ಲಕ್ಷ 70 ಸಾವಿರ. ಅದೇ ದುಡ್ಡಿಗೆ ಹೊಸ ಬ್ಲಿಟ್ಜರ್ ಇಬ್ಬರು ಬರುತ್ತಾರೆ, ಸರಿಯಾಗಿ ಇಬ್ಬರು. ಮಧುಗಿರಿಯ ವಿಷಯದಲ್ಲಿ ಪಾಠ ಕಲಿತೆ ಅಂತ ಎಲ್ಲರ ಮುಂದೆ ಹೇಳಿಕೊಂಡು ಬಂದವನು ನಾನು. ಶೀಟಿನಲ್ಲಿ ಪೆನ್ಸಿಲ್‌ನಿಂದ ಅವನ ಹೆಸರು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಾಗದ ಅಲ್ಲಿ ತೂತಾಯಿತು. ಹೊಸ ಶೀಟ್ ಪ್ರಿಂಟ್ ತೆಗೆದು ಪೆನ್ನಲ್ಲಿ ಬರೆದೆ.

ರಾತ್ರಿ ಮೇಷ್ಟ್ರು ಫೋನ್ ಮಾಡಿದರು. ಭಾನುವಾರದ ಮೊದಲ ಪಂದ್ಯ ಅವರ ಜೊತೆಗೇ.

"ಗುಬ್ಬಿ ಇದಾನೇನ್ರಿ?"

"ಇದಾನೆ ಸರ್."

"ಸಂತೋಷ. ಕಾಂಪೌಂಡರು?"

ನಾನು ಮಾತಾಡಲಿಲ್ಲ. ಆ ಕಡೆ ಸ್ಟೀಲ್ ಲೋಟ ಕುಲುಕೋ ಸದ್ದು ಕೇಳಿಸಿತು.